ಹುಳದ ಮನೆಯ ಹೊಸ್ತಿಲಲ್ಲಿ

ನಮ್ಮತ್ತೆ ಅವಸರದಲ್ಲಿ ರಾಯಕೋಟೆ ಬಸ್ಸು ಹತ್ತಿದ ಬೆಳಿಗ್ಗೆ ನನ್ನ ಹೊಟ್ಟೆಯಲ್ಲಿ ಶುರುವಾದ ನಡುಕ ಇನ್ನೂ ಚೆನ್ನಾಗಿ ನೆನಪಿದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಕೆಲಮಂಗಲದಿಂದ ಎರಡು ಮೈಲಿ ಒಳಗಿನ ಊರು ನಮ್ಮದು. ರಾಯಕೋಟೆಗೆ ಕೊಟ್ಟಿದ್ದ ನಾದಿನಿಗೆ ದಿನ ತುಂಬುವ ಮುಂಚೆಯೇ ನೋವು ಬಂದಿದೆ ಎಂದು ಬಸ್ಸಿನ ಕಂಡಕ್ಟರ್ ಸುದ್ದಿ ತಂದಿದ್ದ. ಅತ್ತೆ ಸೀರೆ ಬದಲಿಸಿ, ಚೀಲಕ್ಕೆ ಹಳೇ ಬಟ್ಟೆ ತುರುಕಿಕೊಂಡು, ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮನೆಯಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಮುಂದಿನ ಮಾತನ್ನು ನನಗೆ ಹೇಳುತ್ತಿರಲಿಲ್ಲ ಎಂಬುದು ಅವರ ಮುಖದಲ್ಲೇ ಇತ್ತು.

"ಹುಳದ ಮನೆ ನೀನೇ ನೋಡ್ಕಬೇಕು ಕಣಮ್ಮಿ. ಮೂರು ಹೊತ್ತು ಸೊಪ್ಪಾಕು. ಜ್ವರಕ್ಕೆ ಕೂರಾಕೆ ಇನ್ನೂ ಎಲ್ಡು ದಿನ ಐತೆ, ಅಷ್ಟೊತ್ಗೆ ನಾ ಬತ್ತೀನಿ. ಕಾಯಿಲೆ ತಟ್ಟೆ ಕಂಡ್ರೆ ಮಾತ್ರ ಒಂದ್ ಗಳಿಗೇನೂ ಮಡೀಕಬೇಡ. ಗುಂಡಿಗ್ ಸುರ್ದು ಸುಣ್ಣ ಹಾಕ್ಬುಡು."

ಹುಳದ ಮನೆ ಎಂದರೆ ನಮ್ಮ ಹಟ್ಟಿಯ ಹಿಂದಿನ ಉದ್ದನೆಯ ಕೋಣೆ. ಅಲ್ಲಿ ಬಿದಿರಿನ ಅಟ್ಟಣೆಯ ಮೇಲೆ ಸಾಲುಸಾಲು ತಟ್ಟೆಗಳಲ್ಲಿ ರೇಷ್ಮೆಹುಳ ಸಾಕುತ್ತಿದ್ದೆವು. ದೇವರ ಮನೆಗಿಲ್ಲದ ಮಡಿ ಅದಕ್ಕೆ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಒಗ್ಗರಣೆ ವಾಸನೆ, ಊದುಬತ್ತಿ ವಾಸನೆ, ಬೀಡಿ ವಾಸನೆ ಯಾವುದೂ ಕೂಡದು. ಹುಳಗಳು ಜ್ವರಕ್ಕೆ ಕೂತಾಗ, ಅಂದರೆ ಹಳೆಯ ಪೊರೆ ಕಳಚುವ ಮುನ್ನ ಮೇವು ಬಿಟ್ಟು ಒಂದು ದಿನ ಸುಮ್ಮನಿರುವ ಹೊತ್ತಿನಲ್ಲಿ, ಬಾಗಿಲು ಮುಚ್ಚಿ ಅತ್ತೆಯೊಬ್ಬರೇ ಹೋಗಿಬರುತ್ತಿದ್ದರು. ನಾನು ಜೂಜುವಾಡಿಯವಳು. ನಮ್ಮಪ್ಪನದು ಗಡಿಯ ರಸ್ತೆಬದಿಯಲ್ಲಿ ಟೀ ಅಂಗಡಿ. ಲಾರಿ ಡ್ರೈವರುಗಳು ಮೂರು ಭಾಷೆಯಲ್ಲಿ ಬೈಯುವುದನ್ನು ಕೇಳಿ ಬೆಳೆದವಳಿಗೆ ಹುಳದ ವಿಷಯ ಏನು ಗೊತ್ತು? ಮದುವೆಯಾಗಿ ಬಂದ ಮೊದಲ ವರ್ಷ ಬಸುರಿ ಎಂದು ನನ್ನನ್ನು ಆ ಕೋಣೆಗೆ ಬಿಡಲಿಲ್ಲ. ಆಮೇಲೆ ಬಿಡದಿದ್ದದ್ದಕ್ಕೆ ಕಾರಣ ಬೇರೆ.

ಆ ಕಾರಣವನ್ನು ಹೇಳಿಬಿಡುತ್ತೇನೆ. ನನ್ನ ಮೊದಲ ಮಗು ಹುಟ್ಟುವಾಗಲೇ ಜೀವ ಇರಲಿಲ್ಲ. ಹೆಣ್ಣು ಎಂದು ಮಾತ್ರ ಗೊತ್ತು. ನನಗೆ ತೋರಿಸಲಿಲ್ಲ, ಬಟ್ಟೆಯಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಹದಿನೈದು ದಿನ ಕಳೆದ ಮೇಲೆ ನಾನು ಮೊದಲ ಬಾರಿ ಸೊಪ್ಪಿನ ಬುಟ್ಟಿ ಹಿಡಿದು ಹುಳದ ಮನೆಯೊಳಗೆ ಹೋದೆ. ಆ ವಾರವೇ ಹುಳಕ್ಕೆ ಕಾಯಿಲೆ ಬಿದ್ದು ಬೆಳೆಯೆಲ್ಲ ಗುಂಡಿಗೆ ಹೋಯಿತು. ಅತ್ತೆ ಎರಡನ್ನೂ ಸೇರಿಸಿ ಒಂದು ಗಂಟು ಹಾಕಿದರು. "ಇವ್ಳ ಕೈಗುಣ ಸರಿಯಿಲ್ಲ" ಎಂದರು. ಅಲ್ಲಿಂದ ಎರಡು ವರ್ಷ ನಾನು ಸೊಪ್ಪು ಕೊಯ್ಯುತ್ತಿದ್ದೆ, ಹೊರಗಿನಿಂದ ಬಾಗಿಲಲ್ಲಿ ಇಡುತ್ತಿದ್ದೆ, ಅವರು ಒಳಗೆ ಒಯ್ಯುತ್ತಿದ್ದರು.

ಜನ ಏನಾದರೂ ಅಂದುಕೊಳ್ಳಲಿ ಎಂದು ಇರಬಹುದಿತ್ತು. ಆದರೆ ನಾನೂ ಅದನ್ನು ನಂಬಿಬಿಟ್ಟೆ. ನನ್ನ ಕೈಗೆ ಬಂದದ್ದು ಉಳಿಯುವುದಿಲ್ಲ ಎಂದು ನನಗೇ ಖಾತ್ರಿಯಾಯಿತು. ಪಕ್ಕದ ಮನೆಯವರು ಕೂಸನ್ನು ಎತ್ತಿಕೊಳ್ಳಲು ಕೊಟ್ಟರೆ ಏನೋ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಹಾಲಿಗೆ ಹೆಪ್ಪು ಹಾಕಿ, ಅದು ಗಟ್ಟಿಯಾಗುವವರೆಗೂ ಹತ್ತು ಸಲ ಮುಚ್ಚಳ ತೆಗೆದು ನೋಡುತ್ತಿದ್ದೆ. ಬೆಳಿಗ್ಗೆ ಏಳುವಾಗ ಯಾಕೆ ಎದ್ದೆನೋ ಅನಿಸುತ್ತಿತ್ತು. ಈ ಸಲ ಬೆಳೆ ಕೆಟ್ಟರೆ ನನ್ನನ್ನು ತೌರಿಗೆ ಕಳಿಸಿಬಿಡೋಣ ಎಂದು ಅತ್ತೆ ಮಗನಿಗೆ ಹೇಳಿದ್ದನ್ನೂ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದೆ. ನನ್ನ ಗಂಡ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವರು ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ.

ಅಂಥ ಕೈಗೆ ಈಗ ಹುಳದ ಮನೆ ಬಂದಿತ್ತು.

ಮೊದಲ ದಿನ ಚೆನ್ನಾಗಿಯೇ ನಡೆಯಿತು. ಕಾಲು ತೊಳೆದೆ, ಕೈ ತೊಳೆದೆ, ನಂಬಿಕೆ ಬಾರದೆ ಮತ್ತೆ ಕೈ ತೊಳೆದೆ. ಸೊಪ್ಪು ಹರಡಿದ ಕೂಡಲೇ ಹುಳಗಳು ಮೇಯುವ ಸರಸರ ಸದ್ದು ಕೋಣೆಯೆಲ್ಲ ತುಂಬಿತು. ಆ ಸದ್ದು ಬದುಕಿದ್ದೇವೆ, ಬದುಕಿದ್ದೇವೆ ಎಂದು ನನಗೆ ಹೇಳಿದಂತಿತ್ತು. ಅಡುಗೆ ಮಾಡುತ್ತ ನಡುವೆ ಎದ್ದು ಹೋಗಿ ಬಾಗಿಲಿಗೆ ಕಿವಿ ಕೊಟ್ಟು ಬರುತ್ತಿದ್ದೆ.

ಮಾರನೆಯ ಬೆಳಿಗ್ಗೆ ಗಂಡ ಮೊದಲ ಶಿಫ್ಟಿಗೆ ಹೋದ ಮೇಲೆ ಬುಟ್ಟಿ ಹಿಡಿದು ಹೋದರೆ ಸದ್ದೇ ಇಲ್ಲ. ಹಿಂದಿನ ಸಂಜೆ ಹಾಕಿದ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು. ಹುಳಗಳು ಅಲುಗಾಡುತ್ತಿಲ್ಲ. ಬಣ್ಣ ಮಾಸಿ, ಮೈ ಬಿಗಿದು, ತಲೆ ಮೇಲೆತ್ತಿಕೊಂಡು ಹಾಗೇ ನಿಂತುಬಿಟ್ಟಿವೆ. ಊದಿ ನೋಡಿದೆ. ಅಲುಗಲಿಲ್ಲ. ಜ್ವರಕ್ಕೆ ಇನ್ನೂ ದಿನವಿದೆ ಎಂದು ಅತ್ತೆ ಹೇಳಿದ್ದಾರೆ. ಅವರ ಮಾತು ತಪ್ಪಿದ್ದನ್ನು ನಾನು ಕಂಡಿಲ್ಲ. ಅಂದಮೇಲೆ ಇದು ಸಾವೇ. ನನ್ನ ತಲೆ ಅಷ್ಟೇ ಓಡಿದ್ದು. ಹೊರಗೆ ಎರಡು ದಿನದಿಂದ ಸೆಕೆ ಏರಿತ್ತು, ಸೆಕೆಗೆ ಹುಳ ಬೇಗ ಕೂರುತ್ತದೆ ಎಂಬುದೆಲ್ಲ ನನಗೆ ಹೇಗೆ ಗೊತ್ತಾಗಬೇಕು? ಆ ಹೊತ್ತಿನಲ್ಲಿ ಆ ಬಾಗಿಲು ನನಗೆ ಯಾವತ್ತೂ ತೆರೆದಿರಲಿಲ್ಲ.

ಎರಡು ತಟ್ಟೆ ಹೊತ್ತುಕೊಂಡು ಓಡಿದೆ. ಹಿತ್ತಲ ಗುಂಡಿಗೆ ಸುರಿದೆ. ಸುಣ್ಣದ ಪುಡಿಯನ್ನು ಬೊಗಸೆ ಬೊಗಸೆ ಎರಚಿದೆ. ಮೂರನೆಯದನ್ನು ತರಲು ಹೋಗಲಿಲ್ಲ. ಗುಂಡಿಯ ಪಕ್ಕದಲ್ಲೇ ಕುಕ್ಕರಿಸಿ ಕೂತೆ.

ಅಲ್ಲಿ ನನ್ನನ್ನು ಕಂಡವರು ನರ್ಸಮ್ಮ. ನಮ್ಮೂರ ಆರೋಗ್ಯ ಉಪಕೇಂದ್ರದ ನರ್ಸು ಅವರು. ಕೃಷ್ಣಗಿರಿ ಕಡೆಯ ಕ್ರೈಸ್ತರ ಮನೆಯವರು, ಮನೆಮಾತು ತಮಿಳು, ಪ್ರೀತಿಯಿಂದ ಕರೆಯುವಾಗ ಯಾರನ್ನಾದರೂ ಕಣ್ಣು ಎನ್ನುತ್ತಿದ್ದರು, ಒಂಟಿ ಹೆಂಗಸು. ನನ್ನ ಹೆರಿಗೆ ಮಾಡಿಸಿದವರೂ ಅವರೇ. ದಿನಾ ಬೆಳಿಗ್ಗೆ ಮನೆಮನೆ ಸುತ್ತಲು ಹೊರಡುತ್ತಿದ್ದರು. ಅವರ ಮೈಮೇಲಿನ ಆಸ್ಪತ್ರೆ ವಾಸನೆಯ ದೆಸೆಯಿಂದ ಯಾರ ಹುಳದ ಮನೆಗೂ ಅವರಿಗೆ ಪ್ರವೇಶವಿರಲಿಲ್ಲ. ನನ್ನ ಹಾಗೆಯೇ ಹೊರಗಿನವರು ಎಂದು ನನಗೆ ಅವರ ಮೇಲೆ ಒಳಗೊಳಗೇ ಒಂದು ಸಲಿಗೆ.

"ಏನಾಯ್ತು ಕಣ್ಣು? ಕೈಯೆಲ್ಲಾ ಸುಣ್ಣ?"

"ಸತ್ತೋದ್ವು ಅಕ್ಕಾ. ಎಲ್ಲಾ ಸತ್ತೋದ್ವು. ನಾನ್ ಮುಟ್ದೆ, ಸತ್ತೋದ್ವು."

ಅವರು ನನ್ನ ರಟ್ಟೆ ಹಿಡಿದು ಎಬ್ಬಿಸಿ ಹುಳದ ಮನೆಯವರೆಗೆ ನಡೆಸಿಕೊಂಡು ಬಂದರು. ತಾವು ಮಾತ್ರ ಹೊಸ್ತಿಲು ದಾಟಲಿಲ್ಲ. ಚಪ್ಪಲಿ ಬಿಟ್ಟು ಆಚೆಯೇ ನಿಂತು, ಕತ್ತು ಚಾಚಿ ನೋಡಿದರು.

"ಕೈ ತೊಳ್ಕೊಂಡು ಹೋಗು. ಒಂದೇ ಒಂದು ಹುಳ, ಮೆಲ್ಲ ಎತ್ತು."

"ನಾ ಮುಟ್ಟಲ್ಲ."

"ನೀನೇ ಮುಟ್ಬೇಕು. ನಾನು ಒಳಗೆ ಬರೋ ಹಾಗಿಲ್ಲ ಅಲ್ವಾ?"

ಹೋದೆ. ಒಂದನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಬರಲಿಲ್ಲ. ಕೆಳಗಿನ ಕಾಲುಗಳಿಂದ ಅದು ಸೊಪ್ಪಿನ ಕಡ್ಡಿಯನ್ನು ಗಟ್ಟಿಯಾಗಿ ಅವುಚಿಕೊಂಡಿತ್ತು.

"ಹಿಡ್ಕೊಂಡೈತೆ" ಎಂದೆ.

"ಸತ್ತಿದ್ರೆ ಹಿಡ್ಕೊಳ್ಳುತ್ತಾ ಕಣ್ಣು? ಸತ್ತದ್ದು ಮೆತ್ತಗಾಗುತ್ತೆ, ವಾಸನೆ ಬರುತ್ತೆ. ಹದಿನೈದು ವರ್ಷ ಎಲ್ಲರ ಮನೆ ಹೊಸ್ತಿಲಲ್ಲೂ ನಿಂತು ನೋಡಿದೀನಿ. ಇದು ಜ್ವರಕ್ಕೆ ಕೂತಿದೆ. ಬಿಡು, ಸೊಪ್ಪು ಹಾಕ್ಬೇಡ, ಮುಟ್ಬೇಡ. ನಾಳೆ ಏಳುತ್ತೆ."

ಹುಳವನ್ನು ಬಿಟ್ಟವಳೇ ಗುಂಡಿಗೆ ಓಡಿದೆ. ಸುಣ್ಣ ಕೆದರಿದೆ. ಅಲ್ಲಿ ಬದುಕಿದ್ದದ್ದು ಒಂದೂ ಇರಲಿಲ್ಲ. ಬದುಕಿದ್ದವನ್ನು ನಾನೇ ಕೊಂದಿದ್ದೆ, ನನ್ನ ಇದೇ ಕೈಯಿಂದ. ಅತ್ತೆ ಹೇಳಿದ್ದು ನಿಜವಾಯಿತಲ್ಲ ಎಂದು ಜೋರಾಗಿ ಅಳಲು ಶುರುಮಾಡಿದೆ.

ನರ್ಸಮ್ಮ ಅಳು ನಿಲ್ಲಿಸು ಎನ್ನಲಿಲ್ಲ. ನನ್ನ ಸುಣ್ಣದ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಅಲ್ಲಿಯೇ ನಿಂತು ಮಾತಾಡತೊಡಗಿದರು. ನನ್ನ ಜೊತೆಗೆ ಅಂದುಕೊಂಡೆ. ಆಮೇಲೆ ತಿಳಿಯಿತು, ಪ್ರಾರ್ಥನೆ ಎಂದು. ಅರ್ಧ ತಮಿಳು, ಅರ್ಧ ಕನ್ನಡ. "ಯೇಸಪ್ಪಾ, ಈ ಹೆಣ್ಣು ಬಹಳ ದಿನದಿಂದ ಪಯಪಟ್ಟು ಪಯಪಟ್ಟು ಸುಸ್ತಾಗಿದ್ದಾಳೆ. ನಿನಗೆ ಗೊತ್ತು. ಇವಳ ಜೊತೆ ಇರು. ಈ ಕೈ ನಿನ್ನ ಕೈಯಲ್ಲಿಟ್ಟುಕೋ." ಅಷ್ಟೇ. ಕಣ್ಣು ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು.

ನನಗೆ ಸಿಟ್ಟು ಬಂತು. "ಹುಳ ಏಳ್ಲಿ ಅಂತ ಕೇಳ್ಲೇ ಇಲ್ವಲ್ಲಕ್ಕಾ! ಹರಕೆ ಏನೂ ಕಟ್ಕಳ್ಲಿಲ್ಲ?"

"ಹುಳ ಎಬ್ಬಿಸೋದು ಅವನಿಗೆ ದಿನದ ಕೆಲಸ. ನಿನ್ನ ವಿಷಯ ಹೇಳಿದೆ. ಹರಕೆ ಯಾಕೆ? ಅಪ್ಪನ ಹತ್ರ ಮಾತಾಡೋಕೆ ಏನಾದ್ರೂ ಕೊಡ್ತಾರಾ?"

ನಾನು ಅದುವರೆಗೆ ಬೇಡಿಕೊಂಡದ್ದೆಲ್ಲ ಒಪ್ಪಂದವೇ. ಇಷ್ಟು ಮಾಡಿದರೆ ಇಷ್ಟು ಮಾಡುತ್ತೇನೆ ಎಂದು. ಮಗು ಹೋದಾಗ ಯಾವ ಒಪ್ಪಂದದಲ್ಲಿ ನಾನು ತಪ್ಪಿದೆನೋ ಎಂದು ಎರಡು ವರ್ಷ ಹುಡುಕಿದ್ದೆ. ಹೀಗೆ ಏನೂ ಕೊಡದೆ, ಏನೂ ಕೊಡುತ್ತೇನೆ ಎನ್ನದೆ, ಪಕ್ಕದಲ್ಲಿ ನಿಂತವರ ಜೊತೆ ಮಾತಾಡಿದ ಹಾಗೆ ಮಾತಾಡಬಹುದು ಎಂಬುದು ಹೊಳೆದೇ ಇರಲಿಲ್ಲ. ಹೊಳೆದರೂ ಆ ದಿನ ನಂಬುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆ ದಿನ ಎಷ್ಟು ಉದ್ದವಿತ್ತು ಎಂದರೆ, ಈಗ ನೆನೆಸಿಕೊಂಡರೂ ಬೆನ್ನು ನೋಯುತ್ತದೆ. ಒಳಗೆ ಹೋಗುವಂತಿಲ್ಲ, ಮುಟ್ಟುವಂತಿಲ್ಲ, ಏನೂ ಮಾಡುವಂತಿಲ್ಲ. ನನ್ನಂಥವಳಿಗೆ ಸುಮ್ಮನಿರು ಎನ್ನುವುದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಬಾಗಿಲ ಹೊರಗೆ ಗೋಡೆಗೊರಗಿ ಕೂತೆ. ಕೂತಲ್ಲಿ ಒಂದು ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಅಲುಗಾಡದ ಹುಳವನ್ನು ಸತ್ತಿದೆ ಎಂದು ನಾನು ಸುಣ್ಣ ಹಾಕಿ ಮುಚ್ಚಿದೆ. ನನ್ನ ಮಗುವನ್ನೂ ಅಲುಗಾಡುತ್ತಿಲ್ಲ ಎಂದು ಬೇಗ ಬಟ್ಟೆಯಲ್ಲಿ ಸುತ್ತಿ ಒಯ್ದರಲ್ಲ? ಯಾರಾದರೂ ಸರಿಯಾಗಿ ನೋಡಿದರಾ? ಆ ಹುಳದ ಹಾಗೆ ಅದೂ ಹಿಡಿದುಕೊಂಡಿತ್ತಾ? ಎದ್ದು ಹೋಗಿ ನೀರು ಕುಡಿದು ಬಂದು ಮತ್ತೆ ಅಲ್ಲೇ ಕೂತೆ.

ಸಂಜೆ ಗಂಡ ಬಂದಾಗ ಹುಳದ ವಿಷಯ ಹೇಳಿದೆ, ಆ ಯೋಚನೆಯನ್ನು ಹೇಳಲಿಲ್ಲ. ಅವರು ಗುಂಡಿ ನೋಡಿ ಬಂದು ತಲೆ ಕೆರೆದುಕೊಂಡರು. "ಕಾಯಿಲೆ ಬಿದ್ದಿತ್ತು, ಎಸ್ದೆ ಅಂತ ಹೇಳ್ಬುಡು. ಅವ್ವಂಗೆ ಗೊತ್ತಾಗಲ್ಲ. ಅವ್ಳೇ ತಾನೆ ಎಸಿ ಅಂತ ಹೇಳೋಗಿರಾದು."

ಅದು ನನ್ನನ್ನು ಉಳಿಸಲು ಅವರಿಗೆ ಹೊಳೆದ ದಾರಿ. ಹೇಳಿದರೆ ಅತ್ತೆ ನಂಬುತ್ತಿದ್ದರು, ಹೊಗಳಲೂಬಹುದಿತ್ತು. ನಾನು ಒಪ್ಪಿಕೊಂಡೆ. ಏನು ಹೇಳಬೇಕೆಂದು ಒಲೆಯ ಮುಂದೆ ಕೂತು ಬಾಯಿಪಾಠವನ್ನೂ ಮಾಡಿದೆ.

ಮರುದಿನ ಬೆಳಕು ಹರಿದ ಮೇಲೆ ಬಾಗಿಲು ತೆಗೆದರೆ ತಟ್ಟೆಗಳಲ್ಲಿ ಹುಳಗಳು ಹರಿದಾಡುತ್ತಿದ್ದವು. ಹಳೆಯ ಪೊರೆ ಹಿಂದೆ ಬಿದ್ದಿದೆ, ಹೊಸ ಮೈ ಸಡಿಲವಾಗಿ ಸುಕ್ಕುಸುಕ್ಕಾಗಿದೆ, ಹಸಿವಿನಲ್ಲಿ ತಲೆ ಆಡಿಸುತ್ತಿವೆ. ಸೊಪ್ಪು ಹಾಕಿದೆ. ಸರಸರ ಸದ್ದು ಮತ್ತೆ ಶುರುವಾಯಿತು. ನಾನು ಕುಣಿಯಬೇಕಿತ್ತು. ಆದರೆ ಒಂದೊಂದು ಹುಳ ಏಳುವುದನ್ನು ಕಂಡಂತೆ ಆ ಯೋಚನೆ ಇನ್ನಷ್ಟು ಬಲಿಯಿತು.

ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದರು. ನಾದಿನಿಗೆ ಗಂಡುಮಗು, ಇಬ್ಬರೂ ಕ್ಷೇಮ. ಮುಖ ಅರಳಿತ್ತು. ಕಾಲು ತೊಳೆದು ನೇರ ಹುಳದ ಮನೆಗೆ ಹೋದರು. ಹೊರಗೆ ಬಂದಾಗ ಕೇಳಿದ್ದು ಒಂದೇ ಮಾತು: "ಇನ್ನೆಲ್ಡು ತಟ್ಟೆ ಎಲ್ಲಿ?"

ಬಾಯಿಪಾಠ ನಾಲಿಗೆಯ ತುದಿಗೇ ಬಂದಿತ್ತು. ನಿನ್ನೆ ನರ್ಸಮ್ಮ ಹಿಡಿದಿದ್ದ ಕೈಯನ್ನು ನೋಡಿಕೊಂಡೆ. ಬಹಳ ದಿನದಿಂದ ಹೆದರಿ ಹೆದರಿ ಸುಸ್ತಾಗಿದ್ದಾಳೆ ಎಂದು ಯಾರಿಗೋ ಹೇಳಿದ್ದಾರಲ್ಲ, ಅದು ಯಾರೇ ಆಗಿರಲಿ, ಈಗ ಕೇಳಿಸಿಕೊಳ್ಳುತ್ತಿರಬಹುದಲ್ಲ ಅನಿಸಿತು. ಈ ಸುಳ್ಳು ಹೇಳಿದರೆ ನಾಳೆಯಿಂದ ಅದಕ್ಕೂ ಹೆದರಬೇಕು. ಇನ್ನೊಂದು ಹೆದರಿಕೆಗೆ ನನ್ನಲ್ಲಿ ಜಾಗವೇ ಇರಲಿಲ್ಲ.

"ಕಾಯಿಲೆ ಅಲ್ಲ ಅತ್ತೆ. ಜ್ವರಕ್ಕೆ ಕೂತಿದ್ವು. ಸತ್ತೋಗವೆ ಅಂದ್ಕಂಡು ಗುಂಡಿಗೆ ಹಾಕ್ಬುಟ್ಟೆ. ನಂಗೆ ಗೊತ್ತಾಗ್ಲಿಲ್ಲ."

ಅತ್ತೆ ಬೈದರು. ಕೇರಿಗೆಲ್ಲ ಕೇಳುವಂತೆ ಬೈದರು. ನನ್ನಪ್ಪನ ಟೀ ಅಂಗಡಿಯನ್ನೂ ಬಿಡಲಿಲ್ಲ. ಉಸಿರು ಮುಗಿದ ಮೇಲೆ ಹಿತ್ತಲಿಗೆ ಹೋಗಿ ಗುಂಡಿಯ ಮುಂದೆ ಬಹಳ ಹೊತ್ತು ನಿಂತರು. ವಾಪಸ್ಸು ಬಂದು ಜಗುಲಿಯ ಮೇಲೆ ಕೂತು, ನನ್ನ ಕಡೆ ನೋಡದೆ ಅಂದರು: "ಬಾಗ್ಲು ಹಾಕ್ಕಂಡಿದ್ದು ನಾನೇ ಅಲ್ವಾ. ನೋಡ್ದೇ ಇದ್ರೆ ಹೆಂಗ್ ಗೊತ್ತಾಯ್ತದೆ." ತೌರಿನ ಮಾತು ಎತ್ತಲಿಲ್ಲ. ನಾನು ಅದಕ್ಕೇ ಕಾದು ನಿಂತಿದ್ದೆ, ಬರಲಿಲ್ಲ.

ಆ ಸಂಜೆ ದೀಪ ಹಚ್ಚುವ ಮುಂಚೆ ನರ್ಸಮ್ಮನ ಕೋಣೆಗೆ ಹೋದೆ. ಅವರು ಸೂಜಿಗಳನ್ನು ಕುದಿಸುತ್ತಿದ್ದರು. ಬಾಗಿಲಲ್ಲಿ ನಿಂತೇ ಕೇಳಿದೆ. ಕುಳಿತರೆ ಕೇಳಲಾರೆ ಎಂದು ಗೊತ್ತಿತ್ತು.

"ನನ್ ಕೂಸ್ನ ಸರಿಯಾಗ್ ನೋಡುದ್ರಾ ಅಕ್ಕಾ? ನಾನ್ ಹುಳ ಮುಚ್ದಂಗೆ..."

ಅವರಿಗೆ ಅರ್ಥವಾಯಿತು. ಸ್ಟೌ ಆರಿಸಿ ನನ್ನನ್ನು ಮಂಚದ ಮೇಲೆ ಕೂರಿಸಿದರು.

"ಎರಡು ವರ್ಷ ಇದನ್ನ ಹೊತ್ಕೊಂಡಿದ್ಯಾ?"

"ಇಲ್ಲ. ನೆನ್ನೆಯಿಂದ."

"ನೋಡಿದೆ ಕಣ್ಣು. ಎದೆ ಮೇಲೆ ಕಿವಿ ಇಟ್ಟು ಕೇಳಿದೆ, ಬಹಳ ಹೊತ್ತು. ಬಾಯಲ್ಲಿ ಉಸಿರು ಊದಿದೆ, ನಿಲ್ಲಿಸದೆ ಊದಿದೆ. ಅವಳು ಹೊಟ್ಟೆಯೊಳಗೇ ಹೋಗಿಬಿಟ್ಟಿದ್ದಳು, ಹಿಂದಿನ ದಿನವೇ. ಕರುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ಯಾರ ಕೈಯೂ ಅಲ್ಲ. ನಿನ್ನ ಕೈ ಅಂತೂ ಅಲ್ಲವೇ ಅಲ್ಲ. ನಿನ್ನ ಕೈಗೆ ಅವಳು ಬರಲೇ ಇಲ್ಲ. ಬೆಚ್ಚನೆ ನೀರಲ್ಲಿ ತೊಳೆದೆ. ತಲೆ ತುಂಬಾ ಕೂದಲಿತ್ತು. ಸ್ವಾಮಿ, ಈ ಕೂಸನ್ನ ನಿನ್ನ ಕೈಗೆ ಕೊಡ್ತಿದೀನಿ ಅಂತ ಹೇಳಿ ಕೊಟ್ಟೆ. ಆಮೇಲೆ ನಿಮ್ಮತ್ತೆ ಎತ್ಕೊಂಡ್ರು."

"ಅತ್ತೆಯಾ?"

"ಬಿಡಲೇ ಇಲ್ಲ. ನಾನೇ ಬಿಡಿಸ್ಕೋಬೇಕಾಯ್ತು. ನನ್ ಸೊಸೆಗೆ ತೋರಿಸಬೇಡ, ತಡ್ಕಳಲ್ಲ ಅಂದ್ರು. ತಪ್ಪು ಮಾಡಿದೆ ನಾನು, ನಿನಗೆ ತೋರಿಸಬೇಕಿತ್ತು. ಅದಕ್ಕೆ ಎಷ್ಟೋ ಸಲ ಸ್ವಾಮಿ ಹತ್ರ ಕ್ಷಮೆ ಕೇಳಿದೀನಿ. ನಿನ್ನ ಹತ್ರ ಈಗ ಕೇಳ್ತೀನಿ."

ನಾನು ಅಳತೊಡಗಿದೆ. ಅದು ಬೇರೆ ಅಳು. ಎರಡು ವರ್ಷದ ಮೇಲೆ ಮೊದಲ ಬಾರಿ ನನಗಾಗಿ ಹೆದರಿ ಅಲ್ಲ, ಮಗಳಿಗಾಗಿ ಅಳುತ್ತಿದ್ದೆ. ಅಳುತ್ತ ಅಳುತ್ತ, ಯಾರೂ ಹೇಳಿಕೊಡದೆ, ನರ್ಸಮ್ಮ ಮಾತಾಡಿದ ಹಾಗೆ ನಾನೂ ಮಾತಾಡಿದೆ. ಏನೂ ಕೊಡುತ್ತೇನೆ ಎನ್ನಲಿಲ್ಲ. "ಯೇಸಪ್ಪಾ, ಅವಳು ನಿನ್ನ ಹತ್ರ ಇದ್ರೆ ಚೆನ್ನಾಗ್ ನೋಡ್ಕೊ. ನಂಗೂ ಸಾಕಾಗೈತೆ, ನನ್ನೂ ನೋಡ್ಕೊ." ಅಷ್ಟು ಹೇಳಿದ್ದು. ಹೊಟ್ಟೆಯ ನಡುಕ ನಿಂತಿದೆ ಎಂಬುದು ಗಮನಕ್ಕೆ ಬಂದದ್ದು ಮನೆಯ ಹಾದಿಯಲ್ಲಿ ಅರ್ಧ ನಡೆದ ಮೇಲೆ. ಎಲ್ಲಿ ಮತ್ತೆ ಶುರುವಾಗುತ್ತದೋ ಎಂದು ಅಲ್ಲೇ ನಿಂತು ಕಾದೆ. ಆಗಲಿಲ್ಲ.

ಮುಂದೆ ಆಗದೇ ಇರಲಿಲ್ಲ. ಹುಟ್ಟಾ ಹೆದರುಪುಕ್ಕಲಿ ನಾನು, ಇಂದಿಗೂ ಹೆಪ್ಪಿನ ಮುಚ್ಚಳ ತೆಗೆದು ನೋಡುತ್ತೇನೆ. ಭಾನುವಾರ ಬಸ್ಸು ಹಿಡಿದು ಚರ್ಚಿಗೆ ಹೋಗಲು ಶುರುಮಾಡಿದ್ದು ಆಮೇಲಿನ ಮಾತು. ಅದಕ್ಕೂ ಮನೆಯಲ್ಲಿ ಸಾಕಷ್ಟು ರಂಪವಾಯಿತು. ಆದರೆ ಹೆದರಿಕೆ ಬಂದಾಗ ಹೇಳಿಕೊಳ್ಳಲು ಒಬ್ಬನಿದ್ದಾನೆ ಎಂಬುದು ಆ ಸಂಜೆಯಿಂದ ನನಗೆ ಗೊತ್ತು. ಬೆಳಿಗ್ಗೆ ಏಳಲು ಅಷ್ಟು ಸಾಕಾಗುತ್ತದೆ.

ನರ್ಸಮ್ಮನ ಕೋಣೆಗೆ ಹೋಗಿಬಂದ ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಸೊಪ್ಪಿನ ಬುಟ್ಟಿಯನ್ನು ಹುಳದ ಮನೆಯ ಬಾಗಿಲಲ್ಲಿಟ್ಟು ನಿಂತೆ. ಒಳಗಿನಿಂದ ಅತ್ತೆ, "ಅಲ್ಲೇನ್ ನಿಂತ್ಕಂಡೆ, ಒಳೀಕ್ ತಕಂಬಾ" ಎಂದರು. ಕಾಲು ತೊಳೆದು ಒಳಗೆ ಹೋದೆ. ಅವರು ಆ ಕಡೆಯ ತಟ್ಟೆಗೆ, ನಾನು ಈ ಕಡೆಯ ತಟ್ಟೆಗೆ ಸೊಪ್ಪು ಹರಡುತ್ತಿದ್ದೆವು. ಇಬ್ಬರ ಬೆನ್ನೂ ಪರಸ್ಪರ ತಿರುಗಿತ್ತು. ಹಾಗಿದ್ದದ್ದಕ್ಕೇ ನನಗೆ ಕೇಳಲು ಧೈರ್ಯ ಬಂತು.

"ಅತ್ತೆ, ತಲೆ ತುಂಬಾ ಕೂದ್ಲಿತ್ತಂತೆ."

ಅವರ ಕೈಯ ಸದ್ದು ನಿಂತಿತು.

"ಗುಂಗುರು ಕೂದ್ಲು ಕಣವ್ವ" ಎಂದರು ಅತ್ತೆ. ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಅವ್ವ ಎಂದದ್ದು ಅದೇ ಮೊದಲು. "ನಿಂದೇ ಥರ. ನನ್ ಬೆರಳ್ಗೆ ಸುತ್ಕತಿತ್ತು."

ಅವತ್ತು ಉಳಿದ ತಟ್ಟೆಗಳಿಗೆ ಸೊಪ್ಪು ಬೀಳುವುದು ಸ್ವಲ್ಪ ತಡವಾಯಿತು.